‘ಒಮ್ಮೆ ಮಾರಿದ ಸರಕು’ : ಮಾರಾಟದ ಕಾನೂನು ನಡೆದುಬಂದ ದಾರಿ

ನಮ್ಮ ಅಂಗಡಿಯ ಬಿಲ್ಲು ಪುಸ್ತಕದ ಪ್ರತಿಯೊಂದು ಹಾಳೆಯ ಕೆಳಗೆ, ತಂದೆಯವರ ಕಾಲದಿಂದಲೂ, ಒಂದು ಸಾಲು ಅಚ್ಚಾಗುತ್ತಿತ್ತು: ‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ.’ ಅದನ್ನು ಮೊದಲು ಬರೆಯಿಸಿದವರು ಯಾರು, ಯಾವ ಆಧಾರದ ಮೇಲೆ ಬರೆಯಿಸಿದರು ಎಂದು ನಾವು ಯಾರೂ ಕೇಳಿದವರಲ್ಲ. ಮುದ್ರಣಾಲಯದವರು ಹಳೆಯ ಹಾಳೆಯನ್ನು ನೋಡಿ ಹೊಸದನ್ನು ಅಚ್ಚು ಹಾಕುತ್ತಿದ್ದರು. ನಾವು ಹಣ ಕೊಟ್ಟು ತರುತ್ತಿದ್ದೆವು. ಬಿ.ಕಾಂ. ತರಗತಿಯಲ್ಲಿ ವಾಣಿಜ್ಯ ಕಾನೂನನ್ನು ಓದುವಾಗ 1930ರ ಸರಕು ಮಾರಾಟ ಕಾಯಿದೆಯ ಕಲಮುಗಳನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆನಾದರೂ, ಆ ಕಲಮುಗಳಿಗೂ ನಮ್ಮ ಬಿಲ್ಲಿನ ಸಾಲಿಗೂ ಇರುವ ವಿರೋಧವು ಮನಸ್ಸಿಗೆ ಹೊಳೆದುದು ಬಹಳ ತಡವಾಗಿ.

ನಮ್ಮ ಸಮಾಜದ ಅನೇಕ ಕುಟುಂಬಗಳು ವ್ಯಾಪಾರದಿಂದ ಬಾಳುತ್ತಿವೆ. ಕೃಷಿಯನ್ನು ನಂಬಿರುವ ಕುಟುಂಬಗಳೂ ಅಷ್ಟೇ ಇವೆ. ಬಸದಿಗಳ ಆಡಳಿತ ಮಂಡಲಿಗಳು ಅಕ್ಕಿ, ಎಣ್ಣೆ, ಕಲ್ಲು, ಲೋಹಗಳನ್ನು ಕೊಳ್ಳುತ್ತವೆ, ತೋಟದ ಫಸಲನ್ನು ಮಾರುತ್ತವೆ. ಆದುದರಿಂದ ಮಾರುವವನ ಹೊಣೆ ಎಲ್ಲಿಯವರೆಗೆ, ಕೊಳ್ಳುವವನ ಎಚ್ಚರ ಎಲ್ಲಿಂದ ಎಂಬ ಪ್ರಶ್ನೆಯು ವಕೀಲರಿಗೆ ಮಾತ್ರ ಸೇರಿದುದಲ್ಲ. ಈ ಪ್ರಶ್ನೆಗೆ ಬೇರೆಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಪ್ರಾಚೀನರ ವಿಚಾರ

ಮಾರಾಟದ ಕಾನೂನು ಆಂಗ್ಲರಿಂದ ಬಂದುದೆಂದು ಹೇಳುವುದು ವಾಡಿಕೆ. ಈಗಿನ ಕಾಯಿದೆಯ ಮಟ್ಟಿಗೆ ಅದು ನಿಜ. ಆದರೆ ಆ ಕಾಯಿದೆ ಎತ್ತುವ ಪ್ರಶ್ನೆಗಳು ಈ ನೆಲಕ್ಕೆ ಹೊಸವಲ್ಲ. ಮನುಸ್ಮೃತಿಯು ಎಣಿಸುವ 18 ವ್ಯವಹಾರಪದಗಳಲ್ಲಿ ಎರಡು ಮಾರಾಟಕ್ಕೇ ಮೀಸಲಾಗಿವೆ. ಒಂದು ಅಸ್ವಾಮಿವಿಕ್ರಯ, ಎಂದರೆ ಒಡೆಯನಲ್ಲದವನು ಮಾರುವುದು; ಇನ್ನೊಂದು ಕ್ರಯವಿಕ್ರಯಾನುಶಯ, ಎಂದರೆ ಕೊಂಡ ಅಥವಾ ಮಾರಿದ ಮೇಲೆ ಪಶ್ಚಾತ್ತಾಪಪಡುವುದು. ಹಾಗೆ ಪಶ್ಚಾತ್ತಾಪಪಟ್ಟವನು ಹತ್ತು ದಿನಗಳೊಳಗಾಗಿ ವಸ್ತುವನ್ನು ಹಿಂದಿರುಗಿಸಬಹುದು, ಇಲ್ಲವೇ ಹಿಂದಕ್ಕೆ ಪಡೆಯಬಹುದು ಎಂಬುದು ಅಲ್ಲಿನ ನಿಯಮ.

ಯಾಜ್ಞವಲ್ಕ್ಯಸ್ಮೃತಿಯು ಇನ್ನೂ ಸೂಕ್ಷ್ಮವಾಗಿ ನೋಡುತ್ತದೆ. ಕೊಂಡ ವಸ್ತುವನ್ನು ಪರೀಕ್ಷಿಸಲು ಅದು ಪ್ರತಿಯೊಂದು ಬಗೆಯ ಸರಕಿಗೂ ಬೇರೆಬೇರೆ ಅವಧಿಯನ್ನು ನಿಗದಿಮಾಡುತ್ತದೆ: ಬಿತ್ತನೆಯ ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಹೊರುವ ಪ್ರಾಣಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ. ದಾಸದಾಸಿಯರನ್ನೂ ಅದೇ ಪಟ್ಟಿಯಲ್ಲಿ ಸೇರಿಸಿರುವುದು ಆ ಕಾಲದ ಕಳಂಕ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ದೋಷವು ಎಷ್ಟು ಬೇಗ ಹೊರಬೀಳುವುದೋ ಅದಕ್ಕೆ ತಕ್ಕಂತೆ ಅವಧಿಯನ್ನಿಟ್ಟಿರುವ ವ್ಯಾಪಾರಜ್ಞಾನವನ್ನು ಗಮನಿಸಬೇಕು. ಬೀಜವು ಮೊಳೆಯಲು ದಿನಗಳು ಬೇಕು. ಕಬ್ಬಿಣದ ಗುಣ ಕುಲುಮೆಯಲ್ಲಿ ಒಂದೇ ದಿನದಲ್ಲಿ ತಿಳಿಯುತ್ತದೆ. ಅದೇ ಸ್ಮೃತಿಯು, ಗುಟ್ಟಾಗಿ, ಅತಿ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನನ್ನು ಕಳ್ಳನೆಂದೇ ಎಣಿಸುತ್ತದೆ. ಈ ಸ್ಮೃತಿಯ ಮೇಲೆ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದುದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಶ್ರಾವಕಾಚಾರದ ದೃಷ್ಟಿಯಿಂದ ನೋಡುವವರಿಗೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪರಿಚಿತವೇ ಆಗಿದೆ. ಅಚೌರ್ಯಾಣುವ್ರತಕ್ಕೆ ಅಲ್ಲಿ ಹೇಳಿರುವ ಐದು ಅತಿಚಾರಗಳೆಂದರೆ ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ ಮತ್ತು ಪ್ರತಿರೂಪಕವ್ಯವಹಾರ. ಇವುಗಳಲ್ಲಿ ಎರಡನೆಯದು ಕಳವಿನ ಮಾಲನ್ನು ಕೊಳ್ಳುವುದು, ನಾಲ್ಕನೆಯದು ತೂಕ ಮತ್ತು ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಐದನೆಯದು ಒಂದರ ಹೆಸರಿನಲ್ಲಿ ಇನ್ನೊಂದನ್ನು, ಅಸಲಿನ ಹೆಸರಿನಲ್ಲಿ ನಕಲಿಯನ್ನು ಮಾರುವುದು. ಕನ್ನ ಹಾಕುವವನ ಕಳ್ಳತನವು ಕಣ್ಣಿಗೆ ಕಾಣುವಂಥದು. ಆಚಾರ್ಯರು ಗೃಹಸ್ಥನಿಗೆ ಎಚ್ಚರ ಹೇಳಿರುವುದು ಅಂಗಡಿಯ ಗದ್ದುಗೆಯ ಮೇಲೆ ಕುಳಿತು ಮಾಡುವ ಕಳ್ಳತನವನ್ನು ಕುರಿತು.

‘ಕೊಳ್ಳುವವನೇ ಎಚ್ಚರವಾಗಿರಲಿ’

ಇನ್ನು ಆಂಗ್ಲರ ಕಾನೂನಿಗೆ ಬರೋಣ. ‘ಕೇವಿಯಟ್ ಎಂಪ್ಟರ್’, ಎಂದರೆ ‘ಕೊಳ್ಳುವವನೇ ಎಚ್ಚರವಾಗಿರಲಿ’ ಎಂಬ ಸೂತ್ರವು ಲ್ಯಾಟಿನ್ ಭಾಷೆಯಲ್ಲಿರುವುದರಿಂದ ಅದು ರೋಮನರದೆಂದು ಭಾವಿಸುವವರುಂಟು. ವಸ್ತುಸ್ಥಿತಿ ಹಾಗಿಲ್ಲ. ರೋಮ್ ನಗರದ ಪೇಟೆಯ ಅಧಿಕಾರಿಗಳು, ಗುಲಾಮರನ್ನೂ ದನಗಳನ್ನೂ ಮಾರುವವರು ಅವುಗಳ ರೋಗವನ್ನೂ ದೋಷವನ್ನೂ ಮೊದಲೇ ಸಾರಿ ಹೇಳಬೇಕೆಂದು ವಿಧಿಸಿದ್ದರು. ಈ ಸೂತ್ರವು ಬಲಿತುದು ಇಂಗ್ಲೆಂಡಿನಲ್ಲಿ, 16 ಮತ್ತು 17ನೆಯ ಶತಮಾನಗಳಲ್ಲಿ.

ಇದಕ್ಕೆ 1603ರ ಒಂದು ಮೊಕದ್ದಮೆಯು ಪ್ರಸಿದ್ಧ ನಿದರ್ಶನ. ಚ್ಯಾಂಡಲರ್ ಎಂಬ ಅಕ್ಕಸಾಲಿಗನು ಲೋಪಸ್ ಎಂಬುವನಿಗೆ ಒಂದು ಕಲ್ಲನ್ನು ‘ಬೆಜೋರ್’ ಎಂದು ಹೇಳಿ 100 ಪೌಂಡಿಗೆ ಮಾರಿದನು. ಬೆಜೋರ್ ಎಂಬುದು ಮೇಕೆ ಮುಂತಾದ ಪ್ರಾಣಿಗಳ ಹೊಟ್ಟೆಯಲ್ಲಿ ಬೆಳೆಯುವ ಗಟ್ಟಿ. ಅದು ವಿಷವನ್ನು ಪರಿಹರಿಸುತ್ತದೆಂದು ಆಗಿನವರು ನಂಬಿದ್ದರು. ಕೊಂಡ ಮೇಲೆ ಅದು ಬೆಜೋರ್ ಅಲ್ಲವೆಂದು ತಿಳಿಯಿತು. ಮಾರಿದವನು ‘ಇದು ಬೆಜೋರ್’ ಎಂದು ಹೇಳಿದ್ದು ಸಾಲದು, ‘ಹಾಗೆಂದು ಖಾತರಿ ಕೊಡುತ್ತೇನೆ’ ಎಂದು ಹೇಳಿರಬೇಕಾಗಿತ್ತು ಎಂದು ನ್ಯಾಯಾಲಯವು ತೀರ್ಮಾನಿಸಿ ಕೊಂಡವನನ್ನು ಬರಿಗೈಯಲ್ಲಿ ಕಳುಹಿಸಿತು. ಪ್ರತಿರೂಪಕವ್ಯವಹಾರಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ. ಆದರೂ ಕಾನೂನಿನ ಕಣ್ಣಿಗೆ ಅದು ಅಪರಾಧವೆನಿಸಲಿಲ್ಲ.

ಊರಿನ ಸಂತೆಯಲ್ಲಿ ಮಾಲನ್ನು ಕೈಯಲ್ಲಿ ಹಿಡಿದು, ಮೂಸಿ, ಕಚ್ಚಿ ನೋಡಿ ಕೊಳ್ಳುತ್ತಿದ್ದ ಕಾಲಕ್ಕೆ ಈ ನಿಯಮ ಹೇಗೋ ನಡೆಯಿತು. ಆದರೆ ಸರಕು ಹಡಗಿನಲ್ಲಿ ಬರತೊಡಗಿ, ಕಾಣದ ಮಾಲಿಗೆ ಪತ್ರದ ಮೂಲಕ ಬೆಲೆ ಕಟ್ಟುವ ವ್ಯಾಪಾರ ಬೆಳೆದ ಮೇಲೆ ಅದು ವ್ಯಾಪಾರವನ್ನೇ ಕೆಡಿಸತೊಡಗಿತು. 1815ರಲ್ಲಿ ರೇಷ್ಮೆಯ ಉಳಿಕೆ ಎಳೆಗಳ ಮೂಟೆಗಳನ್ನು ಕುರಿತ ಗಾರ್ಡಿನರ್–ಗ್ರೇ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಲಾರ್ಡ್ ಎಲೆನ್‌ಬರೋ ಅವರು, ಯಾರೂ ತಿಪ್ಪೆಗೆ ಹಾಕಲು ಸರಕನ್ನು ಕೊಳ್ಳುವುದಿಲ್ಲ, ಪರೀಕ್ಷಿಸಲು ಅವಕಾಶವಿಲ್ಲದಿದ್ದಾಗ ಆ ಹೆಸರಿನ ಸರಕಾಗಿ ಪೇಟೆಯಲ್ಲಿ ಮಾರಲು ಅದು ಯೋಗ್ಯವಾಗಿರಬೇಕೆಂಬುದು ಮಾತಿನಲ್ಲಿ ಹೇಳದಿದ್ದರೂ ಕರಾರಿನಲ್ಲಿ ಅಡಕವಾಗಿದೆ ಎಂಬರ್ಥದ ತೀರ್ಮಾನವನ್ನಿತ್ತರು. 1868ರ ಜೋನ್ಸ್–ಜಸ್ಟ್ ಮೊಕದ್ದಮೆಯಲ್ಲಿ, ಸಮುದ್ರದ ನೀರಿನಲ್ಲಿ ನೆನೆದು ಕೆಟ್ಟು ಮತ್ತೆ ಮೂಟೆ ಕಟ್ಟಿದ ಮನಿಲಾ ನಾರನ್ನು ಕಳುಹಿಸಿದ ವ್ಯಾಪಾರಿಯು, ಆ ದೋಷ ತನಗೆ ತಿಳಿದಿರಲಿಲ್ಲವಾದರೂ ನಷ್ಟವನ್ನು ತುಂಬಿಕೊಡಬೇಕಾಯಿತು.

ಇಂತಹ ತೀರ್ಪುಗಳನ್ನೆಲ್ಲ ಕ್ರೋಡೀಕರಿಸಿ ಕಾಯಿದೆಯ ರೂಪಕ್ಕೆ ತಂದವರು ಸರ್ ಮೆಕೆಂಝಿ ಚಾಮರ್ಸ್. ಯೌವನದಲ್ಲಿ ಭಾರತೀಯ ಸಿವಿಲ್ ಸರ್ವಿಸ್‌ನಲ್ಲಿದ್ದ ಇವರು ಮುಂದೆ ವೈಸರಾಯರ ಮಂಡಲಿಯ ಕಾನೂನು ಸದಸ್ಯರೂ ಆದರು. ಇವರು ರಚಿಸಿದ ಮಸೂದೆಯೇ ಇಂಗ್ಲೆಂಡಿನ 1893ರ ಸರಕು ಮಾರಾಟ ಕಾಯಿದೆಯಾಯಿತು.

ನಮ್ಮ ದೇಶದ ಕಾಯಿದೆ

ಭಾರತದಲ್ಲಿ ಮೊದಲು ಮಾರಾಟಕ್ಕೆ ಪ್ರತ್ಯೇಕ ಕಾಯಿದೆ ಇರಲಿಲ್ಲ. 1872ರ ಕರಾರು ಕಾಯಿದೆಯ ಏಳನೆಯ ಅಧ್ಯಾಯವು, 76ರಿಂದ 123ರವರೆಗಿನ ಕಲಮುಗಳು, ಅದಕ್ಕೆ ಮೀಸಲಾಗಿದ್ದುವು. ವ್ಯಾಪಾರ ಬೆಳೆದಂತೆ ಅವು ಸಾಲದೆ, ಇಂಗ್ಲೆಂಡಿನ ಕಾಯಿದೆಯನ್ನು ಬಹುಮಟ್ಟಿಗೆ ಅನುಸರಿಸಿ 66 ಕಲಮುಗಳ ಹೊಸ ಕಾಯಿದೆಯನ್ನು ಮಾಡಲಾಯಿತು. ಅದಕ್ಕೆ ಅಂಕಿತ ಬಿದ್ದ ದಿನ 15 ಮಾರ್ಚ್ 1930. ಅದಕ್ಕೆ ಮೂರು ದಿನ ಮೊದಲು ಗಾಂಧೀಜಿಯವರು ಸಬರಮತಿಯಿಂದ ದಂಡಿಯ ಕಡೆಗೆ ಹೊರಟಿದ್ದರು. ಉಪ್ಪೆಂಬ ಒಂದು ಸರಕಿಗಾಗಿ ದೇಶವೇ ಎದ್ದು ನಿಂತಿದ್ದಾಗ ಈ ಕಾಯಿದೆಯು ಯಾರ ಗಮನಕ್ಕೂ ಬಾರದೆ ಹುಟ್ಟಿ, ಜುಲೈ 1ರಿಂದ ಜಾರಿಗೆ ಬಂದಿತು. ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಅದು ಆಗಲೇ ಅನ್ವಯಿಸಿತು; ಮೈಸೂರು, ಹೈದರಾಬಾದು ಸೀಮೆಗಳಿಗೆ ವಿಸ್ತರಿಸಿದುದು ಸ್ವಾತಂತ್ರ್ಯಾನಂತರ, 1951ರಲ್ಲಿ. 1963ರಲ್ಲಿ ಹೆಸರಿನಿಂದ ‘ಭಾರತೀಯ’ ಎಂಬ ಪದವನ್ನು ತೆಗೆದುಹಾಕಲಾಯಿತು. ಇಂಗ್ಲೆಂಡಿನಲ್ಲಿ 1893ರ ಕಾಯಿದೆಯ ಬದಲಿಗೆ 1979ರಲ್ಲಿ ಬೇರೊಂದು ಬಂದಿತಾದರೂ, ನಮ್ಮಲ್ಲಿ 1930ರ ಕಾಯಿದೆಯೇ ಇಂದಿಗೂ ನಡೆಯುತ್ತಿದೆ.

ಕಾಯಿದೆಯ ಹೃದಯಭಾಗವೆಂದರೆ 14ರಿಂದ 17ರವರೆಗಿನ ಕಲಮುಗಳು. ಮಾರುವವನಿಗೆ ಮಾರುವ ಹಕ್ಕು ಇರಬೇಕು. ವರ್ಣಿಸಿ ಮಾರಿದ ಸರಕು ವರ್ಣನೆಗೆ ಒಪ್ಪಬೇಕು. ಮಾದರಿ ತೋರಿಸಿ ಮಾರಿದರೆ ಇಡೀ ಮಾಲು ಮಾದರಿಯಂತಿರಬೇಕು. 16ನೆಯ ಕಲಮು ಹಳೆಯ ಸೂತ್ರದಿಂದಲೇ ಆರಂಭವಾಗುತ್ತದೆ: ಗುಣದ ಬಗೆಗೆ ಯಾವ ಅಂತರ್ಗತ ಷರತ್ತೂ ಇಲ್ಲ. ಅನಂತರ ಅದು ಅಪವಾದಗಳನ್ನು ಹೇಳುತ್ತದೆ. ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಮಾರುವವನ ಪರಿಣತಿಯನ್ನು ನಂಬಿ ಕೊಂಡರೆ ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು. ಅಂತಹ ಸರಕಿನ ವ್ಯಾಪಾರಿಯಿಂದಲೇ ವರ್ಣನೆಯ ಮೇಲೆ ಕೊಂಡರೆ ಅದು ವ್ಯಾಪಾರಯೋಗ್ಯವಾಗಿರಬೇಕು. ಆದರೆ ಕೊಳ್ಳುವವನು ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷದ ಬಗೆಗೆ ಆಮೇಲೆ ದೂರುವಂತಿಲ್ಲ. ಕಾಗದದ ಮೇಲೆ ಇವು ಅಪವಾದಗಳು. ಪೇಟೆಯಲ್ಲಿ ಇವೇ ನಿಯಮಗಳಾಗಿವೆ.

ಕಳವಿನ ಮಾಲಿನ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಬಹಿರಂಗ ಪೇಟೆಯಲ್ಲಿ ಪ್ರಾಮಾಣಿಕವಾಗಿ ಕೊಂಡವನಿಗೆ ಕದ್ದ ವಸ್ತುವಿನ ಮೇಲೂ ಒಡೆತನ ದೊರೆಯುತ್ತಿತ್ತು. ಅಲ್ಲಿ ಅದನ್ನು ರದ್ದುಪಡಿಸಿದುದು 1994ರ ತಿದ್ದುಪಡಿಯಿಂದ. ನಮ್ಮ ಕಾಯಿದೆಯು ಇದನ್ನು ಮೊದಲಿಗೇ ಬಿಟ್ಟಿತ್ತು. 27ನೆಯ ಕಲಮಿನ ಪ್ರಕಾರ, ಕೆಲವು ಅಪವಾದಗಳನ್ನುಳಿದು, ಮಾರುವವನಲ್ಲಿ ಇಲ್ಲದ ಹಕ್ಕು ಕೊಳ್ಳುವವನಿಗೆ ಬರುವುದಿಲ್ಲ. ಅಸ್ವಾಮಿವಿಕ್ರಯದ ಹಳೆಯ ನ್ಯಾಯವೂ ಇದೇ ಆಗಿತ್ತು.

ಕಾನೂನು ವ್ರತಕ್ಕಿಂತ ಮುಂದೆ, ಹಿಂದೆ

ಇಲ್ಲಿ ಒಂದು ಸಂದೇಹವನ್ನು ಎತ್ತಬಹುದು. 1905ರಲ್ಲಿ ಇಂಗ್ಲೆಂಡಿನ ಒಂದು ಡೈರಿಯು ಮಾರಿದ ಹಾಲಿನಲ್ಲಿ ವಿಷಮಶೀತಜ್ವರದ ರೋಗಾಣುಗಳಿದ್ದು, ಅದನ್ನು ಕುಡಿದ ಫ್ರಾಸ್ಟ್ ಎಂಬುವರ ಪತ್ನಿ ತೀರಿಕೊಂಡರು. ಎಷ್ಟೇ ಎಚ್ಚರ ವಹಿಸಿದ್ದರೂ ಆ ದೋಷವನ್ನು ಕಂಡುಹಿಡಿಯಲು ಸಾಧ್ಯವಿರಲಿಲ್ಲವೆಂದು ಡೈರಿಯವರು ವಾದಿಸಿದರು. ನ್ಯಾಯಾಲಯವು ಒಪ್ಪಲಿಲ್ಲ. 1935ರಲ್ಲಿ ಪ್ರಿವಿ ಕೌನ್ಸಿಲ್, ಆಸ್ಟ್ರೇಲಿಯಾದ ಡಾ. ಗ್ರಾಂಟ್ ಎಂಬ ವೈದ್ಯರು ಕೊಂಡ ಉಣ್ಣೆಯ ಒಳ ಉಡುಪಿನಲ್ಲಿ ಉಳಿದಿದ್ದ ರಾಸಾಯನಿಕದಿಂದ ಅವರಿಗೆ ಚರ್ಮರೋಗ ಬಂದಾಗ, ತಯಾರಿಸಿದವನಷ್ಟೇ ಅಲ್ಲದೆ ಏನನ್ನೂ ಅರಿಯದ ಅಂಗಡಿಯವನೂ ಹೊಣೆ ಎಂದಿತು. ಆಗ ಭಾರತದ ಮೊಕದ್ದಮೆಗಳಿಗೂ ಅದೇ ಕೊನೆಯ ನ್ಯಾಯಪೀಠವಾಗಿತ್ತು.

ಪ್ರಮಾದವಿಲ್ಲದಲ್ಲಿ ಪಾಪವಿಲ್ಲವೆಂದು ತಿಳಿದಿರುವ ನಮಗೆ ಇದು ಅನ್ಯಾಯವೆಂದು ತೋರಬಹುದು. ಆದರೆ ನ್ಯಾಯಾಲಯವು ಇಲ್ಲಿ ಮಾರಿದವನ ಪಾಪವನ್ನು ತೂಗುತ್ತಿಲ್ಲ. ನಷ್ಟವು ಸಂಭವಿಸಿದೆ, ಅದು ಯಾರಾದರೊಬ್ಬರ ಮೇಲೆ ಬೀಳಲೇಬೇಕು. ಲಾಭ ಪಡೆದು ಮಾರಿದವನು ತನಗೆ ಮಾರಿದವನನ್ನು, ಅವನು ತಯಾರಿಸಿದವನನ್ನು ಕೇಳಬಹುದು. ಹಾಲು ಕುಡಿದವನಿಗೆ ಆ ದಾರಿಯಿಲ್ಲ. ಈ ಮಟ್ಟಿಗೆ ಕಾನೂನು ವ್ರತಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ ಎನ್ನಬೇಕು.

ಇನ್ನೊಂದು ಕಡೆ ಅದು ಹಿಂದೆಯೇ ನಿಂತಿದೆ. ಸಿಸಿರೋ ಎಂಬ ರೋಮನ್ ಪಂಡಿತನು ಕ್ರಿ.ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಒಂದು ಪ್ರಶ್ನೆಯನ್ನು ಚರ್ಚಿಸುತ್ತಾನೆ. ಬರಗಾಲದಿಂದ ಕಂಗೆಟ್ಟ ರೋಡ್ಸ್ ದ್ವೀಪಕ್ಕೆ ಒಬ್ಬ ವ್ಯಾಪಾರಿ ಧಾನ್ಯದ ಹಡಗನ್ನು ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿರುವುದು ಅವನಿಗೊಬ್ಬನಿಗೇ ಗೊತ್ತು. ಅದನ್ನು ಜನರಿಗೆ ಹೇಳಬೇಕೇ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬಹುದೇ? ಡಯೋಜಿನಿಸ್ ಎಂಬ ತತ್ತ್ವಜ್ಞಾನಿಯು ಸುಮ್ಮನಿರುವುದು ಸುಳ್ಳಲ್ಲ ಎಂದನು. ಆಂಟಿಪೇಟರ್ ಎಂಬುವನು ಎಲ್ಲವನ್ನೂ ತಿಳಿಸಬೇಕೆಂದನು. ಸಿಸಿರೋ ಆಂಟಿಪೇಟರನ ಪಕ್ಷವನ್ನೇ ಹಿಡಿದನು.

ಕಾನೂನು ಡಯೋಜಿನಿಸನ ಪಕ್ಷವನ್ನು ಹಿಡಿಯಿತು. 1817ರಲ್ಲಿ ಅಮೆರಿಕದ ಸುಪ್ರೀಮ್ ಕೋರ್ಟು, ಯುದ್ಧ ಮುಗಿದ ಸುದ್ದಿಯನ್ನು ಮೊದಲೇ ತಿಳಿದು ತಂಬಾಕನ್ನು ಅಗ್ಗವಾಗಿ ಕೊಂಡವನು ಆ ಸುದ್ದಿಯನ್ನು ಹೇಳಲು ಬದ್ಧನಾಗಿರಲಿಲ್ಲ ಎಂದಿತು. ನಮ್ಮ 1872ರ ಕರಾರು ಕಾಯಿದೆಯ 17ನೆಯ ಕಲಮು, ಮಾತನಾಡುವ ಕರ್ತವ್ಯವಿಲ್ಲದ ಕಡೆ ಬರಿಯ ಮೌನವು ವಂಚನೆಯಲ್ಲ ಎನ್ನುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆಗಳಲ್ಲಿ, ಬೆಲೆಯ ಏರಿಳಿತದ ಖಾಸಗಿ ಸುದ್ದಿ ತಿಳಿದ ವ್ಯಾಪಾರಿಯು ಎದುರಿನ ವ್ಯಾಪಾರಿಗೆ ಅದನ್ನು ಹೇಳಬೇಕಾಗಿಲ್ಲ ಎಂಬುದೂ ಒಂದು.

ಈ ಉದಾಹರಣೆಯನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಪಡೆದಿದ್ದೆ. ಸುಮಾರು 30 ವರ್ಷಗಳ ಹಿಂದೆ ಅದನ್ನು ಆಚರಣೆಗೂ ತಂದೆ. ತೊಗರಿಬೇಳೆಯ ಬೆಲೆ ಎರಡು ಮೂರು ದಿನಗಳಲ್ಲಿ ಕುಸಿಯಲಿದೆ ಎಂದು ಮುಂಬಯಿಯಿಂದ ಪರಿಚಿತರೊಬ್ಬರು ಬೆಳಗ್ಗೆ ದೂರವಾಣಿಯಲ್ಲಿ ತಿಳಿಸಿದರು. ಅದೇ ದಿನ ಮಧ್ಯಾಹ್ನ ಹಳ್ಳಿಯ ಚಿಲ್ಲರೆ ವ್ಯಾಪಾರಿಯೊಬ್ಬರು ಬಂದು, ಬೆಲೆ ಇನ್ನೂ ಏರಬಹುದೆಂಬ ಭಯದಿಂದ, ಎಂದಿಗಿಂತ ಹೆಚ್ಚಾಗಿ 40 ಚೀಲ ಬೇಳೆಯನ್ನು ಕೇಳಿದರು. ನಾನು ಒಂದು ಸುಳ್ಳನ್ನೂ ಹೇಳಲಿಲ್ಲ. ಮಾಲು ಶುದ್ಧವಾಗಿತ್ತು, ತೂಕ ಸರಿಯಾಗಿತ್ತು, ಬಿಲ್ಲು ಕೊಟ್ಟೆ. ವಾರದ ನಂತರ ಅವರು ಬಂದು ಕಟ್ಟೆಯ ಮೇಲೆ ಕುಳಿತು, ‘ಸಾವ್ಕಾರ್ರೇ, ನಿಮಗೆ ಮೊದಲೇ ಗೊತ್ತಿತ್ತೇನ್ರೀ?’ ಎಂದು ಕೇಳಿದರು. ‘ವ್ಯಾಪಾರದಲ್ಲಿ ಏರಿಳಿತ ಇದ್ದದ್ದೇ’ ಎಂದೆ. ಅವರು ಬಾಕಿಯನ್ನೆಲ್ಲ ತೀರಿಸಿ ಹೋದರು. ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ನನ್ನ ಮೇಲೆ ದೂರು ಹೇಳಲು ಯಾವ ಕಲಮೂ ಅವರಿಗೆ ಇರಲಿಲ್ಲ. 1986ರ ಗ್ರಾಹಕ ರಕ್ಷಣಾ ಕಾಯಿದೆಯಾಗಲಿ ಅದರ ಬದಲಿಗೆ ಬಂದ 2019ರ ಕಾಯಿದೆಯಾಗಲಿ, ಮತ್ತೆ ಮಾರುವುದಕ್ಕಾಗಿ ಕೊಂಡವನನ್ನು ಗ್ರಾಹಕನೆಂದು ಎಣಿಸುವುದಿಲ್ಲ. ಮೊದಲ ಮೌನವನ್ನು ಕಾನೂನು ಸಮರ್ಥಿಸಬಹುದು. ಅವರು ನೇರವಾಗಿ ಕೇಳಿದ ಮೇಲೂ ನಾನು ಕೊಟ್ಟ ಜಾರಿಕೆಯ ಉತ್ತರವನ್ನು ಸತ್ಯಾಣುವ್ರತವು ಸಮರ್ಥಿಸಲಾರದು.

ನಮ್ಮ ಮಟ್ಟಿಗೆ

ಆಡಳಿತ ಮಂಡಲಿಗಳ ಉಪಯೋಗಕ್ಕಾಗಿ ಎರಡು ಮೂರು ವಿಷಯಗಳನ್ನು ಸೂಚಿಸಬಹುದು. ಮಾದರಿ ನೋಡಿ ಅಕ್ಕಿ ಕೊಂಡಾಗ ಆ ಮಾದರಿಯ ಒಂದು ಪೊಟ್ಟಣವನ್ನು ಉಭಯರ ಸಹಿಯೊಡನೆ ಇಟ್ಟುಕೊಳ್ಳಬೇಕು. ಹೋಲಿಸಿ ನೋಡಲು ಅದೇ ಸಾಕ್ಷಿ. ಗುರುತು ಮಾಡಿ, ಒಯ್ಯಲು ಸಿದ್ಧವಾಗಿರುವ ಮಾಲನ್ನು ಯಾವ ಷರತ್ತೂ ಇಲ್ಲದೆ ಕೊಂಡು ಅಂಗಡಿಯಲ್ಲಿಯೇ ಬಿಟ್ಟು ಬಂದರೆ, ಬೇರೆ ಮಾತು ಆಗದ ಹೊರತು, 20 ಮತ್ತು 26ನೆಯ ಕಲಮುಗಳಂತೆ ಒಡೆತನವೂ ಅದರೊಡನೆ ನಷ್ಟದ ಭಯವೂ ಆ ಕ್ಷಣದಿಂದ ಕೊಂಡವರದೇ. ಕಿತ್ತು ಕೊಡುವ ಕರಾರಿನ ಮೇಲೆ ಮಾರುವ ತೋಟದ ಕಾಯಿಗಳೂ ಕಾಯಿದೆಯ ಪ್ರಕಾರ ಸರಕೇ. ಅವುಗಳ ಹರಾಜಿನಲ್ಲಿ ಬೆಲೆ ಏರಿಸಲೆಂದು ಮಂಡಲಿಯು ತನ್ನವರಿಂದಲೇ ಹುಸಿ ಸವಾಲು ಕೂಗಿಸಿದರೆ, 64ನೆಯ ಕಲಮಿನಂತೆ ಕೊಂಡವನು ಆ ಮಾರಾಟವನ್ನು ರದ್ದುಪಡಿಸಬಹುದು. ‘ದೇವರ ಕಾರ್ಯಕ್ಕಾಗಿ’ ಎಂಬ ಸಮಾಧಾನವು ಕಾನೂನಿನಲ್ಲಿ ಇಲ್ಲ, ಧರ್ಮದಲ್ಲಂತೂ ಇರಲಾರದು.

ಕಡೆಯದಾಗಿ ಆ ಬಿಲ್ಲಿನ ಸಾಲು. 62ನೆಯ ಕಲಮು ಉಭಯರ ಸ್ಪಷ್ಟ ಒಪ್ಪಂದದಿಂದ ಅಂತರ್ಗತ ಷರತ್ತುಗಳನ್ನು ಕಳೆಯಲು ಅವಕಾಶ ಕೊಡುತ್ತದೆ ನಿಜ; ಆದರೆ ವ್ಯವಹಾರ ಮುಗಿದ ಮೇಲೆ ಕೈಗೆ ಬರುವ ಚೀಟಿಯ ಅಡಿಯ ಸಣ್ಣಕ್ಷರವನ್ನು ಒಪ್ಪಂದವೆನ್ನುವುದು ಹೇಗೆ? ಗ್ರಾಹಕರ ಮಟ್ಟಿಗೆ 2019ರ ಕಾಯಿದೆಯು ಇನ್ನೂ ಸ್ಪಷ್ಟವಾಗಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬೀಜಕ್ಕೆ ಹತ್ತು ದಿನ, ರತ್ನಕ್ಕೆ ಏಳು ದಿನ ಎಂದು ಎಣಿಸಿದ ಸ್ಮೃತಿಕಾರರ ವಿವೇಕಕ್ಕೆ ನಾವು ಬಹಳ ಸುತ್ತಿ ಮರಳಿ ಬಂದಿದ್ದೇವೆ.

ನಮ್ಮ ಹೊಸ ಬಿಲ್ಲು ಪುಸ್ತಕದಲ್ಲಿ ಹಳೆಯ ಸಾಲನ್ನು ತೆಗೆಯಿಸಿ, ‘ದೋಷವಿದ್ದರೆ 30 ದಿನಗಳೊಳಗೆ ತಂದು ತೋರಿಸಿ, ಹಣ ಹಿಂದಿರುಗಿಸಲಾಗುವುದು’ ಎಂದು ಅಚ್ಚು ಹಾಕಿಸಿದ್ದೇವೆ. ಅದರಿಂದ ವ್ಯಾಪಾರವೇನೂ ಕುಗ್ಗಿಲ್ಲ. ಸಮಾಜಬಾಂಧವರು ತಮ್ಮ ತಮ್ಮ ಅಂಗಡಿಗಳ ಬಿಲ್ಲನ್ನು ಒಮ್ಮೆ ಓದಿ ನೋಡಬೇಕೆಂದು ವಿನಂತಿ. ಆ 40 ಚೀಲಗಳ ಲೆಕ್ಕವು ನಮ್ಮ ಖಾತೆಯಲ್ಲಿ ಅಂದೇ ಚುಕ್ತಾ ಆಗಿದೆ. ಪ್ರತಿಕ್ರಮಣಕ್ಕೆ ಕುಳಿತಾಗ ಮಾತ್ರ ಅದು ಇಂದಿಗೂ ಬಾಕಿಯಾಗಿಯೇ ಕಾಣುತ್ತದೆ.